ಹಳದಿಯಾದ ಕೂಸು, ಸಾಕಾಗದ ಹಾಲು: ಮೊದಲ ಎರಡು ವಾರ ಹೀಗೆ ಮಾಡಿ

ಮಗಳು ಹುಟ್ಟಿದ ನಾಲ್ಕನೇ ದಿನ. ದಾವಣಗೆರೆ ನಿಟ್ಟುವಳ್ಳಿಯ ತವರುಮನೆ. ಗಾಳಿ ಸೋಕಬಾರದು ಅಂತ ಅವ್ವ ಬಾಣಂತಿ ಕೋಣೆಯ ಕಿಟಕಿಗೆ ಕಂಬಳಿ ಕಟ್ಟಿದ್ದಳು. ಒಳಗೆ ಒಂದು ಮಂದ ಬಲ್ಬು. ಕೂಸು ಬೆಳಿಗ್ಗೆಯಿಂದ ಮಲಗೇ ಇತ್ತು. "ಎಷ್ಟ್ ಚೆಂದ ಮಲಗೈತಿ ನೋಡವ್ವಾ, ಒಂಚೂರೂ ಕಾಟ ಇಲ್ಲ" ಅಂದರು ಅಜ್ಜಿ. ನನಗೂ ಖುಷಿಯೇ. ಮೂರು ರಾತ್ರಿಯಿಂದ ನಿದ್ದೆ ಕಂಡಿರಲಿಲ್ಲ.

ಹಿಂದಿನ ದಿನ ತೂಕ ನೋಡಿ ಹೋಗಿದ್ದ ಆಶಾ ಕಾರ್ಯಕರ್ತೆ ಸಂಜೆ ಮತ್ತೆ ಬಂದರು. ಕೂಸನ್ನು ಎತ್ತಿಕೊಂಡು ನೇರ ಅಂಗಳಕ್ಕೆ ಹೋದರು. ಎದೆಯ ಮೇಲೆ ಬೆರಳಿಟ್ಟು ಒತ್ತಿ ಬಿಟ್ಟರು. ಒತ್ತಿದ ಜಾಗ ಮಾವಿನ ಹಣ್ಣಿನ ಬಣ್ಣ. ಆ ರಾತ್ರಿ ನಾವು ಆಸ್ಪತ್ರೆಯಲ್ಲಿದ್ದೆವು. ರಕ್ತದಲ್ಲಿನ ಹಳದಿ, ಅಂದರೆ ಬಿಲಿರುಬಿನ್, 18.2. ಹುಟ್ಟಿದಾಗ 2 ಕೆಜಿ 700 ಗ್ರಾಂ ಇದ್ದವಳು 2 ಕೆಜಿ 430ಕ್ಕೆ ಇಳಿದಿದ್ದಳು.

ಮಗು ಹಳದಿಯಾಗಿದೆ, ನನಗೆ ಹಾಲಿಲ್ಲ, ಅಂತೂ ನನಗೆ ಎರಡು ಕಷ್ಟ ಒಟ್ಟಿಗೆ ಬಂದವು ಅಂತ ಅತ್ತಿದ್ದೆ. ಎರಡೂ ಒಂದೇ ಅಂತ ಗೊತ್ತಾಗಲು ಎರಡು ದಿನ ಬೇಕಾಯಿತು. ನಿಮಗೆ ಅಷ್ಟು ಹೊತ್ತು ಬೇಡ ಅಂತಲೇ ಇದನ್ನು ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಮಗುವಿಗೆ ಹಳದಿ ಇಳಿಸುವ ಲೈಟಿನ ಚಿಕಿತ್ಸೆ ಬೇಕಾ, ಬೇಡವಾ ಅನ್ನೋದನ್ನು ಮಕ್ಕಳ ಡಾಕ್ಟರೇ ಹೇಳಬೇಕು. ಹಾಲಿನ ಕೆಲಸ ಮಾತ್ರ ನಮ್ಮ ಕೈಯಲ್ಲಿದೆ.

ಹಳದಿ ಹೋಗುವುದು ಎಲ್ಲಿಂದ

ಹುಟ್ಟಿದ ಮಗುವಿನ ಮೈಯಲ್ಲಿ ಕೆಂಪು ರಕ್ತಕಣ ಜಾಸ್ತಿ, ಅವುಗಳ ಆಯಸ್ಸು ಕಡಿಮೆ. ಒಡೆದ ಕಣಗಳಿಂದ ಬಿಲಿರುಬಿನ್ ಅನ್ನುವ ಹಳದಿ ವಸ್ತು ಹುಟ್ಟುತ್ತದೆ. ಅದನ್ನು ಹೊರಹಾಕುವ ಕೆಲಸ ಲಿವರಿನದು. ಎಳೆಯ ಲಿವರಿಗೆ ಆ ಕೆಲಸ ಇನ್ನೂ ಕೈಹತ್ತಿರುವುದಿಲ್ಲ. ಹಾಗಾಗಿ ದಿನ ತುಂಬಿ ಹುಟ್ಟಿದ 10 ಮಕ್ಕಳಲ್ಲಿ ಸುಮಾರು 6ಕ್ಕೆ, ಬೇಗ ಹುಟ್ಟಿದ 10ರಲ್ಲಿ 8ಕ್ಕೆ ಮೊದಲ ವಾರ ಸ್ವಲ್ಪವಾದರೂ ಕಾಮಣಿ, ಅಂದರೆ ಕಾಮಾಲೆ, ಕಾಣುತ್ತದೆ. ಎರಡನೇ ಅಥವಾ ಮೂರನೇ ದಿನ ಶುರುವಾಗಿ, ಐದನೇ ದಿನದ ಹೊತ್ತಿಗೆ ಏರಿ, ಆಮೇಲೆ ಇಳಿಯುತ್ತದೆ. ನನ್ನ ಮಗಳು 37 ವಾರಕ್ಕೆ ಹುಟ್ಟಿದವಳು. ಇಂಥ ಮಕ್ಕಳು ನೋಡೋಕೆ ತುಂಬಿದ ಮಕ್ಕಳ ಹಾಗೇ ಇರುತ್ತವೆ, ಆದರೆ ಚೀಪುವ ಶಕ್ತಿ ಕಡಿಮೆ.

ಲಿವರ್ ಈ ಹಳದಿಯನ್ನು ಕರುಳಿಗೆ ಕಳಿಸುತ್ತದೆ. ಅದು ಹೊರಗೆ ಹೋಗುವುದು ಕಕ್ಕದಲ್ಲಿ. ಮಗು ಕಕ್ಕ ಮಾಡದಿದ್ದರೆ ಕರುಳಿನಲ್ಲಿ ಕೂತ ಹಳದಿ ವಾಪಸ್ ರಕ್ತಕ್ಕೆ ಸೇರುತ್ತದೆ. ಕಕ್ಕ ಆಗಬೇಕಾದರೆ ಹೊಟ್ಟೆಗೆ ಹಾಲು ಹೋಗಬೇಕು. ಹಳದಿ ಏರಿದ ಮಗು ಮಂಕಾಗಿ ಮಲಗುತ್ತದೆ, ಕುಡಿಯುವುದಿಲ್ಲ. ಕುಡಿಯದಿದ್ದರೆ ಎದೆ ಖಾಲಿಯಾಗುವುದಿಲ್ಲ. ಖಾಲಿಯಾಗದ ಎದೆ, 'ಸಾಕು, ಇಲ್ಲಿ ಕೇಳುವವರಿಲ್ಲ' ಅಂತ ಹಾಲು ಮಾಡುವುದನ್ನು ಕಡಿಮೆ ಮಾಡುತ್ತದೆ. ನಾವು ಸಿಕ್ಕಿಬಿದ್ದಿದ್ದು ಇದೇ ಗಾಣದಲ್ಲಿ.

ಇದನ್ನು ನಿಲ್ಲಿಸಲು ಎರಡು ಕೈ ಹಾಕಬೇಕು. ಮಲಗಿದ ಮಗುವನ್ನು ಎಬ್ಬಿಸಿ ಕುಡಿಸಬೇಕು. ಮಗು ಬಿಟ್ಟ ಹಾಲನ್ನು ನೀವೇ ಹಿಂಡಿ ತೆಗೆಯಬೇಕು. ಹಾಲು ಹೆಚ್ಚಿಸುವ ಹೊಣೆಯನ್ನು ಆ ನಾಲ್ಕೈದು ದಿನ ಮಗುವಿನ ಮೇಲೆ ಬಿಡಬೇಡಿ. ಅದಕ್ಕೆ ಶಕ್ತಿ ಇಲ್ಲ.

ಮೊದಲು ಕಂಬಳಿ ತೆಗೆಯಿರಿ

ನಮ್ಮ ಬಾಣಂತಿ ಕೋಣೆಗಳಲ್ಲಿ ಹಳದಿ ಕಾಣುವುದೇ ಇಲ್ಲ. ಕತ್ತಲೆ ಒಂದು ಕಡೆ. ನೀರು ಹಾಕುವಾಗ ಹಚ್ಚಿದ ಅರಿಶಿನ ಇನ್ನೊಂದು ಕಡೆ. ಮೂಗಿನವರೆಗೆ ಇಳಿದ ಕುಲಾವಿ ಮತ್ತೊಂದು ಕಡೆ. ಮೊದಲ ಎರಡು ವಾರ ಮಗುವಿಗೆ ಅರಿಶಿನ ಬೇಡ ಅಂತ ಹಿರಿಯರಿಗೆ ಮೆತ್ತಗೆ ಹೇಳಿ. ದಿನಕ್ಕೆ ಎರಡು ಸಲ ಹಗಲು ಬೆಳಕಿಗೆ ತಂದು, ಬಟ್ಟೆ ಬಿಚ್ಚಿ ನೋಡಿ. ಮೂಗು, ಎದೆ, ಹೊಟ್ಟೆ, ಮೊಣಕಾಲು, ಅಂಗಾಲು. ಬೆರಳಿಂದ ಒತ್ತಿ ಬಿಟ್ಟಾಗ ಯಾವ ಬಣ್ಣ ಅಂತ ನೋಡಿ. ಕಪ್ಪಗಿನ ಮಗುವಾದರೆ ವಸಡು, ಕಣ್ಣಿನ ಬಿಳಿಭಾಗ ನೋಡಿ. ಹಳದಿ ಸಾಮಾನ್ಯವಾಗಿ ಮುಖದಿಂದ ಕೆಳಗಿಳಿಯುತ್ತದೆ.

ಆದರೆ ಕಣ್ಣಳತೆ ನಂಬಬೇಡಿ. ಇದರಿಂದ 'ಆಸ್ಪತ್ರೆಗೆ ಹೋಗಬೇಕು' ಅನ್ನುವುದು ಗೊತ್ತಾಗುತ್ತದೆ, 'ಹೋಗೋದು ಬೇಡ' ಅನ್ನುವುದು ಗೊತ್ತಾಗುವುದಿಲ್ಲ. ಮೈಗೆ ಹಿಡಿದು ನೋಡುವ ಮೀಟರ್ ಅಥವಾ ರಕ್ತಪರೀಕ್ಷೆಯೇ ಸರಿಯಾದ ಲೆಕ್ಕ. ಮಗು ಹುಟ್ಟಿ ಎಷ್ಟು ಗಂಟೆಯಾಯಿತು, ಎಷ್ಟು ವಾರಕ್ಕೆ ಹುಟ್ಟಿತು ಅನ್ನುವುದರ ಮೇಲೆ ಆ ಅಂಕಿಯ ಅರ್ಥ ಬದಲಾಗುತ್ತದೆ. ಪಕ್ಕದ ಮನೆ ಮಗುವಿಗೆ 15 ಇದ್ದಾಗ ಏನೂ ಮಾಡಲಿಲ್ಲ ಅನ್ನುವ ಮಾತು ನಿಮ್ಮ ಮಗುವಿಗೆ ಅನ್ವಯಿಸುವುದಿಲ್ಲ. ಹೋಗುವಾಗ ತಾಯಿ ಕಾರ್ಡ್ ಮರೆಯಬೇಡಿ. ನಿಮ್ಮದು ಓ ಗುಂಪು ಅಥವಾ ನೆಗೆಟಿವ್ ರಕ್ತವಾದರೆ ಅದನ್ನು ಮೊದಲೇ ಹೇಳಿ. ಗುಂಪು ಹೊಂದದಿದ್ದರೆ ಮಗುವಿನ ರಕ್ತಕಣ ಬೇಗ ಒಡೆದು ಹಳದಿ ಜೋರಾಗಿ ಏರಬಹುದು.

ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ:

- ಹುಟ್ಟಿದ 24 ಗಂಟೆಯೊಳಗೇ ಹಳದಿ ಕಂಡರೆ
- ಅಂಗೈ, ಅಂಗಾಲಿನವರೆಗೆ ಹಳದಿ ಇಳಿದರೆ
- ಎಷ್ಟು ಎಬ್ಬಿಸಿದರೂ ಏಳದೆ ಒಂದಾದ ಮೇಲೆ ಒಂದು ಎರಡು ಹೊತ್ತು ಹಾಲು ಬಿಟ್ಟರೆ
- ಕೀರಲು ದನಿಯಲ್ಲಿ ಅತ್ತರೆ, ಬೆನ್ನು ಹಿಂದಕ್ಕೆ ಬಿಲ್ಲಿನಂತೆ ಬಾಗಿಸಿದರೆ, ಮೈ ಸೆಟೆದರೆ ಅಥವಾ ಜೋತುಬಿದ್ದರೆ
- ಜ್ವರ ಬಂದರೆ ಅಥವಾ ಮೈ ತಣ್ಣಗಾದರೆ
- ಆರೆಂಟು ಗಂಟೆ ಉಚ್ಚೆಯೇ ಹೋಗದಿದ್ದರೆ
- ಕಕ್ಕ ಸುಣ್ಣದಂತೆ ಬಿಳಿಚಿಕೊಂಡಿದ್ದರೆ

ಬಿಲಿರುಬಿನ್ ತೀರಾ ಏರಿದರೆ ಮಿದುಳಿಗೆ ಹೋಗಿ ಕಿವಿ ಕೇಳದಂತೆ, ಕೈಕಾಲು ಸ್ವಾಧೀನ ತಪ್ಪುವಂತೆ ಮಾಡಬಹುದು. ಆಮೇಲೆ ಅದನ್ನು ಸರಿಪಡಿಸಲಾಗದು. ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆ, ಬಾಪೂಜಿ ಮಕ್ಕಳ ಆಸ್ಪತ್ರೆ ಇವೆ. ಚಿತ್ರದುರ್ಗದವರಿಗೆ ಅಲ್ಲಿನ ಜಿಲ್ಲಾ ಆಸ್ಪತ್ರೆ ಇದೆ. ಜಗಳೂರು, ಹೊಳಲ್ಕೆರೆ ಕಡೆಯ ಹಳ್ಳಿಯಲ್ಲಿದ್ದರೆ 108ಕ್ಕೆ ಫೋನ್ ಮಾಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ವರ್ಷದೊಳಗಿನ ಕಾಯಿಲೆಯ ಮಗುವಿಗೆ ಚಿಕಿತ್ಸೆ ಉಚಿತ.

ಎಬ್ಬಿಸಿ ಕುಡಿಸುವುದು

ದಿನಕ್ಕೆ 8ರಿಂದ 12 ಸಲ. ಅಂದರೆ ಎರಡರಿಂದ ಮೂರು ಗಂಟೆಗೊಮ್ಮೆ, ರಾತ್ರಿಯೂ ಸೇರಿ. ಒಂದು ಸಲ ಕುಡಿಸಲು ಶುರುಮಾಡಿದ ಹೊತ್ತಿನಿಂದ ಇನ್ನೊಂದು ಸಲ ಶುರುಮಾಡುವ ಹೊತ್ತಿನವರೆಗೆ ಲೆಕ್ಕ ಹಿಡಿಯಿರಿ. ಮುಗಿದ ಹೊತ್ತಿನಿಂದ ಅಲ್ಲ. ಇಲ್ಲಿ ನಾನು ತಪ್ಪಿದ್ದೆ. ಹಾಗೆ ತಪ್ಪಿ ದಿನಕ್ಕೆ ಆರೇ ಸಲ ಆಗುತ್ತಿತ್ತು.

ಮಲಗಿದ ಕೂಸಿನ ಕೆನ್ನೆ ತಟ್ಟಿದರೆ ಏಳುವುದಿಲ್ಲ. ಸುತ್ತಿದ ಬಟ್ಟೆಯನ್ನೆಲ್ಲ ಬಿಚ್ಚಿ. ಲಂಗೋಟಿ ಬದಲಿಸಿ. ಬರೀ ಮೈಯಲ್ಲಿ ನಿಮ್ಮ ಎದೆಯ ಮೇಲೆ ಮಲಗಿಸಿಕೊಂಡು ಬೆನ್ನ ಮೇಲೆ ತೆಳು ಬಟ್ಟೆ ಹೊದಿಸಿ. ಮೈಗೆ ಮೈ ತಾಗಿದರೆ ಮಗುವಿಗೂ ಎಚ್ಚರ, ನಿಮಗೂ ಹಾಲು ಇಳಿಯುತ್ತದೆ. ಅಂಗಾಲು ತಿಕ್ಕಿ, ಬೆನ್ನುಹುರಿಯ ಮೇಲೆ ಬೆರಳಾಡಿಸಿ. ಎರಡು ಹನಿ ಹಾಲು ಹಿಂಡಿ ತುಟಿಗೆ ಸವರಿ. ಬಾಯಿ ದೊಡ್ಡದಾಗಿ ತೆರೆದಾಗ ಮಗುವನ್ನು ಎದೆಗೆ ತನ್ನಿ. ನೀವು ಮುಂದಕ್ಕೆ ಬಗ್ಗಬೇಡಿ. ಬಗ್ಗಿದರೆ ಸಂಜೆಗೆ ನಿಮ್ಮ ಬೆನ್ನು ಹೋಗುತ್ತದೆ, ಮಗುವಿನ ಬಾಯಿಗೆ ತೊಟ್ಟು ಮಾತ್ರ ಸಿಗುತ್ತದೆ. ತೊಟ್ಟಿನ ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಗಬೇಕು. ಗದ್ದ ಎದೆಗೆ ಒತ್ತಿರಬೇಕು, ಕೆಳತುಟಿ ಹೊರಕ್ಕೆ ಮಡಚಿರಬೇಕು. ಮೊದಲ ಕೆಲವು ಕ್ಷಣ ಬಿಟ್ಟು ಆಮೇಲೂ ನೋಯುತ್ತಿದ್ದರೆ ಹಿಡಿತ ಸರಿಯಿಲ್ಲ. ಕಿರುಬೆರಳನ್ನು ಬಾಯಿಯ ಮೂಲೆಗೆ ತೂರಿಸಿ ಬಿಡಿಸಿ, ಮತ್ತೆ ಹಿಡಿಸಿ. ಸಿಸೇರಿಯನ್ ಆಗಿದ್ದರೆ ಹೊಟ್ಟೆಯ ಮೇಲೆ ಮಗುವಿನ ಭಾರ ಬೇಡ. ಕಂಕುಳ ಕೆಳಗೆ ದಿಂಬಿಟ್ಟು ಮಗುವಿನ ಕಾಲು ನಿಮ್ಮ ಬೆನ್ನಿನ ಕಡೆ ಹೋಗುವಂತೆ ಹಿಡಿಯಿರಿ, ಅಥವಾ ಒಂದು ಮಗ್ಗುಲಿಗೆ ಮಲಗಿ ಕುಡಿಸಿ.

ನಾಲ್ಕು ಸಲ ಚೀಪಿ ಮತ್ತೆ ನಿದ್ದೆಗೆ ಜಾರುತ್ತದೆ. ಆಗ ಎದೆಯನ್ನು ಕೈತುಂಬ ಹಿಡಿದು ಮೆತ್ತಗೆ ಒತ್ತಿ. ಹಾಲು ಬಾಯಿಗೆ ಬಂದು ಮಗು ನುಂಗುತ್ತದೆ. ನುಂಗುವುದು ನಿಂತಾಗ ಬಿಡಿ, ಮತ್ತೆ ಒತ್ತಿ. ಅದಕ್ಕೂ ಜಗ್ಗದಿದ್ದರೆ ಎತ್ತಿ, ತೇಗಿಸಿ, ಇನ್ನೊಂದು ಎದೆಗೆ ಹಾಕಿ. ಮತ್ತೆ ಮೊದಲನೆಯದಕ್ಕೆ. ಗಡಿಯಾರ ನೋಡಬೇಡಿ, ಗಂಟಲು ನೋಡಿ. ಅರ್ಧ ಗಂಟೆ ಬಾಯಲ್ಲಿ ಇಟ್ಟುಕೊಂಡು ಮಲಗಿದ್ದು ಕುಡಿದಂತಲ್ಲ.

ಹಿಂಡುವುದು: ಇಡೀ ಕೆಲಸದ ಜೀವ ಇದು

ಮಗು ಬಿಟ್ಟ ಕೂಡಲೇ ನಿಮ್ಮ ಸರದಿ. ಪ್ರತಿ ಸಲ ಕುಡಿಸಿದ ಮೇಲೆ 10ರಿಂದ 15 ನಿಮಿಷ ಎರಡೂ ಎದೆ ಹಿಂಡಿ. ದಿನಕ್ಕೆ ಎಂಟು ಸಲ ಆದರೆ ಒಳ್ಳೆಯದು. ಆರಾದರೂ ಪರವಾಗಿಲ್ಲ. ರಾತ್ರಿಯದನ್ನು ಮಾತ್ರ ತಪ್ಪಿಸಬೇಡಿ. ಹಾಲು ಮಾಡುವ ಪ್ರೊಲ್ಯಾಕ್ಟಿನ್ ಹಾರ್ಮೋನು ರಾತ್ರಿ ಹೊತ್ತು ಜಾಸ್ತಿ ಇರುತ್ತದೆ. ಬೆಳಗಿನ ಜಾವ ಮೂರು ಗಂಟೆಗೆ ಎದ್ದು ಹಿಂಡಿದ್ದು ಹಗಲಿನ ಎರಡು ಸಲಕ್ಕೆ ಸಮ ಅಂತ ನನಗೆ ಅನ್ನಿಸಿತ್ತು.

ಮೊದಲ ಮೂರು ದಿನ ಪಂಪ್ ಬೇಡ, ಕೈಯೇ ಒಳ್ಳೆಯದು. ಆಗ ಬರುವುದು ಗಿಣ್ಣು ಹಾಲು, ಅಂಟಂಟು, ಪಂಪಿನ ಗೋಡೆಗೇ ಹತ್ತಿಕೊಂಡು ಹೋಗುತ್ತದೆ. ಕೈಯಿಂದ ಹೀಗೆ ಮಾಡಿ. ಕೈ ತೊಳೆದು, ಬಿಸಿನೀರಲ್ಲಿ ಅದ್ದಿದ ಬಟ್ಟೆಯನ್ನು ಎದೆಯ ಮೇಲೆ ಎರಡು ನಿಮಿಷ ಇಡಿ. ಸುತ್ತಲೂ ಮೆತ್ತಗೆ ನೀವಿ. ಹೆಬ್ಬೆರಳು ಮೇಲೆ, ಉಳಿದ ಬೆರಳು ಕೆಳಗೆ, ತೊಟ್ಟಿನಿಂದ ಎರಡು ಬೆರಳು ಹಿಂದೆ ಇಡಿ. ಮೊದಲು ಪಕ್ಕೆಲುಬಿನ ಕಡೆ ಒಳಕ್ಕೆ ಒತ್ತಿ. ಆಮೇಲೆ ಬೆರಳುಗಳನ್ನು ಒಂದಕ್ಕೊಂದು ಒತ್ತಿ, ಬಿಡಿ. ಚರ್ಮದ ಮೇಲೆ ಜಾರಿಸಬೇಡಿ, ತೊಟ್ಟನ್ನು ಜಗ್ಗಬೇಡಿ. ಹಸುವಿನ ಹಾಲು ಕರೆದು ರೂಢಿ ಇರುವವರು ಮೊದಮೊದಲು ಜಗ್ಗಿಬಿಡುತ್ತಾರೆ. ನಮ್ಮವ್ವ ಸಹಾಯ ಮಾಡಲು ಬಂದು ಅದನ್ನೇ ಮಾಡಿದಳು, ನಾನು ಕಿರುಚಿದೆ. ಒಂದೆರಡು ನಿಮಿಷ ಏನೂ ಬರುವುದಿಲ್ಲ. ಆಮೇಲೆ ಹನಿ, ಆಮೇಲೆ ಧಾರೆ. ಧಾರೆ ನಿಂತಾಗ ಬೆರಳನ್ನು ಎದೆಯ ಸುತ್ತ ಬೇರೆ ಜಾಗಕ್ಕೆ ಸರಿಸಿ.

ಎಷ್ಟು ಬರಬೇಕು? ಇಲ್ಲೇ ಎಲ್ಲರೂ ಎದೆಗುಂದುವುದು. ಮೊದಲ ದಿನ ಮಗು ಒಂದು ಹೊತ್ತಿಗೆ ಕುಡಿಯುವುದೇ 2ರಿಂದ 10 ಎಂಎಲ್. ಎರಡನೇ ದಿನ 5ರಿಂದ 15, ಮೂರನೇ ದಿನ 15ರಿಂದ 30, ನಾಲ್ಕನೇ ದಿನ 30ರಿಂದ 60. ಚಹಾ ಚಮಚಕ್ಕೆ 5 ಎಂಎಲ್. ಹಾಗಾದರೆ ಎರಡನೇ ದಿನ ಒಂದು ಚಮಚ ಬಂದರೆ ಅದು ಸೋಲಲ್ಲ, ಅಲ್ವಾ? ತುಂಬು ಹಾಲು ಇಳಿಯುವುದು ಎರಡರಿಂದ ನಾಲ್ಕು ದಿನದೊಳಗೆ. ಚೊಚ್ಚಲ ಹೆರಿಗೆ, ಸಿಸೇರಿಯನ್, ತಾಯಿಗೆ ಸಕ್ಕರೆ ಕಾಯಿಲೆ ಇದ್ದರೆ ಇನ್ನೊಂದು ದಿನ ತಡವಾಗಬಹುದು. ನನಗೆ ಐದನೇ ದಿನ ರಾತ್ರಿ ಬಂತು. ಅಲ್ಲಿಯವರೆಗೆ ಸ್ಟೀಲ್ ಬಟ್ಟಲಿನ ತಳ ನೋಡಿಕೊಂಡು ಅಳುವುದೇ ಕೆಲಸ.

ಹಾಲು ಇಳಿದ ಮೇಲೆ ಪಂಪ್ ಬಳಸಬಹುದು. ಎರಡೂ ಎದೆಗೆ ಒಟ್ಟಿಗೆ ಹಾಕುವ ಕರೆಂಟಿನ ಪಂಪು ಸಿಕ್ಕರೆ ಅರ್ಧ ಸಮಯ ಉಳಿಯುತ್ತದೆ. ಎದೆಗೆ ಹಿಡಿಯುವ ಕೊಳವೆಯೊಳಗೆ ತೊಟ್ಟು ಗೋಡೆಗೆ ಉಜ್ಜದೆ ಓಡಾಡಬೇಕು. ಕೊಳವೆ ಚಿಕ್ಕದಾದರೆ ಗಾಯ, ದೊಡ್ಡದಾದರೆ ಹಾಲು ಬರದು. ನೋವಾಗುವಷ್ಟು ಜೋರಾಗಿ ಎಳೆಸಬೇಡಿ. ಪಂಪ್ ಓಡುವಾಗ ಇನ್ನೊಂದು ಕೈಯಿಂದ ಎದೆ ಒತ್ತುತ್ತಿರಿ, ಕೊನೆಗೆ ಎರಡು ನಿಮಿಷ ಕೈಯಿಂದ ಹಿಂಡಿ. ಬರೀ ಪಂಪಿಗಿಂತ ಜಾಸ್ತಿ ಬರುತ್ತದೆ. ದಿನಕ್ಕೊಮ್ಮೆ, ಮನೆಯಲ್ಲಿ ಮಗುವನ್ನು ನೋಡಿಕೊಳ್ಳುವವರಿದ್ದಾಗ, 20 ನಿಮಿಷ ಪಂಪ್, 10 ನಿಮಿಷ ಬಿಡುವು, 10 ಪಂಪ್, 10 ಬಿಡುವು, 10 ಪಂಪ್ ಮಾಡಿ. ಇದಕ್ಕೆ ಪವರ್ ಪಂಪಿಂಗ್ ಅನ್ನುತ್ತಾರೆ. ಬೇಗ ಬೇಗ ಕುಡಿಯುವ ಮಗುವಿನ ನಕಲು ಇದು. ಫಲ ಕಾಣಲು ಎರಡು ಮೂರು ದಿನ ಹಿಡಿಯುತ್ತದೆ.

ಎದೆ ಕಲ್ಲಿನಂತೆ ಗಟ್ಟಿಯಾದರೆ ಮಗುವಿನ ಬಾಯಿಗೆ ಸಿಗುವುದಿಲ್ಲ. ಕಪ್ಪು ಭಾಗದ ಸುತ್ತ ಬೆರಳಿಟ್ಟು ಒಂದು ನಿಮಿಷ ಒಳಕ್ಕೆ ಒತ್ತಿ ಹಿಡಿಯಿರಿ, ಸ್ವಲ್ಪ ಹಿಂಡಿ ಮೆತ್ತಗಾದ ಮೇಲೆ ಕುಡಿಸಿ. ಕುಡಿಸಿ ಆದ ಮೇಲೆ ತಣ್ಣೀರ ಬಟ್ಟೆ ಇಡಿ.

ಹಿಂಡಿದ ಹಾಲನ್ನು ಒಳಲೆಯಲ್ಲಿ ಅಥವಾ ಚಮಚದಲ್ಲಿ ಕುಡಿಸಿ. ಒಳಲೆ ಅಜ್ಜಿಯ ಪೆಟ್ಟಿಗೆಯಲ್ಲಿ ಖಂಡಿತ ಇರುತ್ತದೆ, ಹತ್ತು ನಿಮಿಷ ಕುದಿಸಿ ಬಳಸಿ. ಮಗುವನ್ನು ಕೂರಿಸಿದ ಹಾಗೆ ಹಿಡಿದು, ಒಳಲೆಯನ್ನು ಕೆಳತುಟಿಯ ಮೇಲಿಟ್ಟು, ಅದು ನೆಕ್ಕಿಕೊಳ್ಳುವಷ್ಟು ಬಾಗಿಸಿ. ಸುರಿಯಬೇಡಿ. ಬಾಟಲಿ ಈಗಲೇ ಬೇಡ ಅನ್ನುವುದು ನನ್ನ ಅಭಿಪ್ರಾಯ. ಸೋಮಾರಿ ಮಗುವಿಗೆ ಬಾಟಲಿಯ ರುಚಿ ಹತ್ತಿದರೆ ಎದೆಗೆ ತರುವುದು ಕಷ್ಟ. ಹಿಂಡಿದ ಹಾಲು ಹೊರಗೆ ನಾಲ್ಕು ಗಂಟೆ ಕೆಡುವುದಿಲ್ಲ ಅಂತ ಲೆಕ್ಕ ಇರುವುದು 25 ಡಿಗ್ರಿವರೆಗಿನ ತಂಪಿಗೆ. ಏಪ್ರಿಲ್‌ನ ದಾವಣಗೆರೆಗೆ ಆ ಲೆಕ್ಕ ಹಿಡಿಯಬೇಡಿ, ಕೂಡಲೇ ಫ್ರಿಜ್ಜಿನ ಒಳಭಾಗದಲ್ಲಿಡಿ, ಬಾಗಿಲಲ್ಲಿ ಅಲ್ಲ. ಅಲ್ಲಿ ನಾಲ್ಕು ದಿನದವರೆಗೆ ಇರುತ್ತದೆ. ಬೇಕಾದಾಗ ಬಿಸಿನೀರಿನ ಪಾತ್ರೆಯಲ್ಲಿಟ್ಟು ಬೆಚ್ಚಗೆ ಮಾಡಿ. ಒಲೆಯ ಮೇಲೆ ಕುದಿಸಬೇಡಿ.

ಲೈಟಿನ ಕೆಳಗಿರುವಾಗ

'ಗಾಜಿನ ಪೆಟ್ಟಿಗೆಗೆ ಹಾಕಿದಾರೆ' ಅಂತ ಕೇಳಿದ ಕೂಡಲೇ ಮನೆಮಂದಿ ಅಳಲು ಶುರು ಮಾಡುತ್ತಾರೆ. ಅದು ನೀಲಿ ಬೆಳಕು ಅಷ್ಟೇ. ಚರ್ಮದೊಳಗಿನ ಬಿಲಿರುಬಿನ್ನನ್ನು ಸುಲಭವಾಗಿ ಹೊರಹೋಗುವ ರೂಪಕ್ಕೆ ಬದಲಿಸುತ್ತದೆ. ಕಣ್ಣಿಗೆ ಪಟ್ಟಿ, ಲಂಗೋಟಿ ಬಿಟ್ಟರೆ ಮೈಮೇಲೆ ಬಟ್ಟೆ ಇರುವುದಿಲ್ಲ. ಬೆಳಕು ಬೀಳಬೇಕಲ್ಲ.

ಬಿಲಿರುಬಿನ್ ತೀರಾ ಹೆಚ್ಚಿಲ್ಲದಿದ್ದರೆ ಮೂರು ಗಂಟೆಗೊಮ್ಮೆ ಮಗುವನ್ನು ಹೊರಗೆ ತೆಗೆದು ಅರ್ಧ ಗಂಟೆಯೊಳಗೆ ಕುಡಿಸಲು ಬಿಡುತ್ತಾರೆ. ಸಿಸ್ಟರನ್ನು ಕೇಳಿ. ಕೇಳದಿದ್ದರೆ ಕೆಲವು ಸಲ ಅವರ ಓಡಾಟದಲ್ಲಿ ಅದು ಮರೆತೇ ಹೋಗುತ್ತದೆ. ಅಂಕಿ ತುಂಬಾ ಮೇಲಿದ್ದರೆ ಹೊರಗೆ ತೆಗೆಯಬೇಡಿ ಅನ್ನುತ್ತಾರೆ. ಆಗ ಹಟ ಮಾಡಬೇಡಿ. ಹಿಂಡಿ ಕೊಡಿ, ಲೈಟಿನ ಕೆಳಗೇ ಒಳಲೆಯಲ್ಲಿ ಕುಡಿಸುತ್ತಾರೆ. ಆ ಹೊತ್ತಿನಲ್ಲಿ ನೀವು ಕೂರುವುದು ಹಾಲು ಹಿಂಡಲಿಕ್ಕೆ. ನಾನು ಮೊದಲ ರಾತ್ರಿ ಗಾಜಿಗೆ ಮುಖ ಹಚ್ಚಿ ನಿಂತೇ ಕಳೆದೆ, ಒಂದು ಸಲವೂ ಹಿಂಡಲಿಲ್ಲ. ಬೆಳಿಗ್ಗೆ ಒಬ್ಬ ಹಿರಿಯ ಸಿಸ್ಟರ್, "ನೀನು ನೋಡಿದ್ರೆ ಹಳದಿ ಇಳಿಯಲ್ಲ ಕಣಮ್ಮಾ, ಹಾಲು ತಗೊಂಬಾ" ಅಂದರು. ಒರಟಾಗಿ ಅಂದಿದ್ದು ಅನ್ನಿಸಿತು. ಈಗ ಅವರಿಗೆ ಕೈಮುಗಿಯಬೇಕು ಅನ್ನಿಸುತ್ತದೆ.

ಲೈಟಿನಲ್ಲಿರುವ ಮಗುವಿಗೆ ಕಕ್ಕ ತೆಳ್ಳಗೆ, ಹಸಿರಾಗಿ ಹೋಗುತ್ತದೆ. ಭೇದಿ ಅಂತ ಗಾಬರಿ ಬೇಡ, ಹಳದಿ ಹೊರಗೆ ಹೋಗುತ್ತಿರುವುದೇ ಹಾಗೆ. ಲೈಟ್ ನಿಲ್ಲಿಸಿದ ಮೇಲೆ ಸ್ವಲ್ಪ ಮತ್ತೆ ಏರಬಹುದು. ಮರುದಿನ ಪರೀಕ್ಷೆಗೆ ಬನ್ನಿ ಅಂದರೆ ಬನ್ನಿ. ಮನೆಗೆ ಹೋದ ಖುಷಿಯಲ್ಲಿ ಬಿಟ್ಟುಬಿಡುವವರೇ ಜಾಸ್ತಿ.

ಮೇಲು ಹಾಲು ಕೊಡಿ ಅಂದಾಗ

ತೂಕ ನೂರಕ್ಕೆ ಹತ್ತರಷ್ಟು ಇಳಿದಿದ್ದರೆ, ಹಿಂಡಿದರೂ ಸಾಲದಿದ್ದರೆ, ಡಾಕ್ಟರ್ ಪೌಡರ್ ಹಾಲು ಕೊಡಿ ಅನ್ನಬಹುದು. ಮೊದಲು ಕೊಡಬೇಕಾದ್ದು ನಿಮ್ಮದೇ ಹಿಂಡಿದ ಹಾಲು. ಸಾಲದಿದ್ದರೆ ಎದೆಹಾಲು ಬ್ಯಾಂಕಿನದು ಸಿಕ್ಕರೆ ಅದು. ಆಮೇಲೆ ಪೌಡರ್. ಹಸುವಿನ ಹಾಲು ಬೇಡ. ಎಷ್ಟು ಎಂಎಲ್, ಎಷ್ಟು ಸಲ, ಎಷ್ಟು ದಿನ ಅಂತ ಕೇಳಿ ಬರೆಸಿಕೊಳ್ಳಿ. ಮೂರನೇ ಪ್ರಶ್ನೆ ಕೇಳದವರ ಮನೆಯಲ್ಲಿ ಡಬ್ಬಿ ಆರು ತಿಂಗಳು ಉಳಿದುಬಿಡುತ್ತದೆ. ಡಬ್ಬಿಯ ಸ್ಯಾಂಪಲ್ ಪುಕ್ಕಟೆ ಹಂಚುವುದನ್ನು ನಮ್ಮ ದೇಶದಲ್ಲಿ 1992ರ ಕಾಯ್ದೆ ನಿಷೇಧಿಸಿದೆ, ಯಾರಾದರೂ ಕೈಗಿಟ್ಟರೆ ಬೇಡ ಅನ್ನಿ.

ಆದರೆ ಬೇಕಾದಾಗ ಕೊಡಿ. ನಾವು ಎರಡೂವರೆ ದಿನ ಕೊಟ್ಟೆವು. ಅತ್ತೆ ಮುಖ ಸಣ್ಣದು ಮಾಡಿದರು, ನಾನು ಮನಸ್ಸಲ್ಲೇ ಸೋತೆ ಅಂದುಕೊಂಡೆ. ಹಸಿದ ಮಗುವಿಗೆ ಚೀಪಲು ತ್ರಾಣ ಬರಬೇಕಲ್ಲ. ಮಗು ಪೌಡರ್ ಹಾಲು ಕುಡಿದ ಪ್ರತಿ ಹೊತ್ತಿಗೂ ನೀವು ಒಂದು ಸಲ ಹಿಂಡಲೇಬೇಕು. ಇಲ್ಲದಿದ್ದರೆ ಎದೆಗೆ ಆ ಹೊತ್ತು ಹಾಲು ಬೇಡ ಅಂತ ಸುದ್ದಿ ಹೋಗುತ್ತದೆ.

ಗೋಡೆಗೆ ಒಂದು ಕ್ಯಾಲೆಂಡರ್

ಮಗುವಿಗೆ ಹಾಲು ಸಾಕಾಗುತ್ತಿದೆಯಾ ಅಂತ ಎದೆ ನೋಡಿ ಹೇಳಲಾಗದು, ಬಟ್ಟೆ ನೋಡಿ ಹೇಳಬಹುದು. ಕ್ಯಾಲೆಂಡರಿನ ಖಾಲಿ ಜಾಗದಲ್ಲಿ ಗೀಟು ಹಾಕುವ ಕೆಲಸವನ್ನು ಗಂಡನಿಗೆ ವಹಿಸಿ. ಮೊದಲ ದಿನ ಒಂದು ಉಚ್ಚೆ, ಎರಡನೇ ದಿನ ಎರಡು, ಹೀಗೆ ಏರುತ್ತ ಐದನೇ ದಿನದಿಂದ ಆರಕ್ಕಿಂತ ಕಡಿಮೆ ಇರಬಾರದು, ಬಣ್ಣ ನೀರಿನಂತಿರಬೇಕು. ಕಕ್ಕ ಮೊದಲು ಟಾರಿನಂತೆ ಕಪ್ಪು, ಆಮೇಲೆ ಹಸಿರು, ನಾಲ್ಕೈದನೇ ದಿನಕ್ಕೆ ಸಾಸಿವೆ ಹಳದಿ, ದಿನಕ್ಕೆ ಮೂರು ನಾಲ್ಕು ಸಲ. ಐದನೇ ದಿನವೂ ಕಪ್ಪೇ ಇದ್ದರೆ ಹಾಲು ಹೋಗುತ್ತಿಲ್ಲ ಅಂತಲೇ ಅರ್ಥ. ಈ ಲೆಕ್ಕಕ್ಕೆ ಡೈಪರಿಗಿಂತ ಹಳೇ ಸೀರೆಯ ಬಟ್ಟೆ ಒಳ್ಳೆಯದು, ಒದ್ದೆಯಾಗಿದ್ದು ಕೂಡಲೇ ಗೊತ್ತಾಗುತ್ತದೆ.

ತೂಕ 10ರಿಂದ 14 ದಿನದೊಳಗೆ ಹುಟ್ಟಿದಾಗಿನಷ್ಟಕ್ಕೆ ಬರಬೇಕು, ಆಮೇಲೆ ದಿನಕ್ಕೆ 20ರಿಂದ 30 ಗ್ರಾಂ ಏರಬೇಕು. ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನ ಮನೆಗೆ ಬರುತ್ತಾರೆ, ತಕ್ಕಡಿ ತರುತ್ತಾರೆ. ಬಾಗಿಲಲ್ಲೇ ಸಹಿ ಹಾಕಿ ಕಳಿಸಬೇಡಿ, ಕೂಸನ್ನು ಬಿಚ್ಚಿ ತೋರಿಸಿ.

ಬಾಣಂತಿಯ ತಟ್ಟೆ

ಮಗುವಿಗೆ ಕಾಮಣಿ ಅಂದ ತಕ್ಷಣ ತಾಯಿಗೆ ಪಥ್ಯ ಶುರು. ಎಣ್ಣೆ ಬೇಡ, ಬೇಳೆ ಬೇಡ, ಅರಿಶಿನ ಹಾಕಿದ್ದು ಬೇಡ. ತಾಯಿ ತಿಂದ ಅರಿಶಿನದಿಂದ ಮಗು ಹಳದಿಯಾಗುವುದಿಲ್ಲ. ನೀರು ಕಡಿಮೆ ಕುಡಿ, ಹೊಟ್ಟೆ ದಪ್ಪ ಆಗತೈತಿ ಅನ್ನುವುದು ಇನ್ನೊಂದು. ಬಾಯಾರಿದಾಗಲೆಲ್ಲ ಕುಡಿಯಿರಿ, ಕುಡಿಸಲು ಕೂರುವಾಗ ಪಕ್ಕದಲ್ಲಿ ಚೊಂಬು ಇರಲಿ. ಹಾಗಂತ ಬಿಂದಿಗೆಗಟ್ಟಲೆ ಕುಡಿದರೆ ಹಾಲು ಬಿಂದಿಗೆಗಟ್ಟಲೆ ಬರುವುದಿಲ್ಲ.

ಮೊದಲ ಆರು ತಿಂಗಳು ದಿನಕ್ಕೆ 600 ಕ್ಯಾಲೊರಿ ಜಾಸ್ತಿ ಬೇಕು ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೇಳುತ್ತದೆ. ಅಂದರೆ ಒಂದು ಪೂರ್ತಿ ಊಟ ಹೆಚ್ಚು. ಜೋಳದ ರೊಟ್ಟಿ, ಬೇಳೆ, ಸಬ್ಬಸಿಗೆ ಸೊಪ್ಪು, ಮೊಟ್ಟೆ, ಅಂಟಿನ ಉಂಡೆ, ಅಳವಿ ಪಾಯಸ, ಬೆಳ್ಳುಳ್ಳಿ ಎಲ್ಲ ತಿನ್ನಿ. ಸಬ್ಬಸಿಗೆಯೇ ಹಾಲು ತರುತ್ತದೆ ಅನ್ನುವುದಕ್ಕಿಂತ, ಬಿಸಿಬಿಸಿ ಮಾಡಿ ಬಡಿಸುವವರು ಇದ್ದಾರೆ ಅನ್ನುವುದು ಹಾಲು ತರುತ್ತದೆ ಅಂತ ನನಗೆ ಅನ್ನಿಸಿದೆ. ಗಾಬರಿ, ನೋವು ಇದ್ದರೆ ಇರುವ ಹಾಲೂ ಇಳಿಯುವುದಿಲ್ಲ. ಹೊಲಿಗೆಯ ನೋವಿಗೆ ಡಾಕ್ಟರ್ ಕೊಟ್ಟ ಮಾತ್ರೆ ತಗೊಳ್ಳಿ. ಹಾಲು ಬರಿಸುವ ಮಾತ್ರೆ, ಮೆಂತ್ಯದ ಕ್ಯಾಪ್ಸೂಲ್ ಅಂತ ಮೆಡಿಕಲ್ ಶಾಪಿಗೆ ನೀವೇ ಹೋಗಬೇಡಿ. ಕೆಲವು ಮಾತ್ರೆ ಹೃದಯದ ಬಡಿತಕ್ಕೆ ತೊಂದರೆ ಮಾಡುತ್ತವೆ.

ಬೇಡ ಅನ್ನಬೇಕಾದವು

ಎಳೆಬಿಸಿಲಿಗೆ ಹಿಡಿಯುವುದು ಔಷಧಿ ಅಲ್ಲ. ಹಳದಿ ಇಳಿಸುವಷ್ಟು ಬಿಸಿಲಿಗೆ ಬರೀ ಮೈಯಲ್ಲಿ ಇಟ್ಟರೆ ಚರ್ಮ ಸುಡುತ್ತದೆ, ಮೈಯ ನೀರು ಆರುತ್ತದೆ. ಬಿಸಿಲಿಗೆ ಹಿಡಿದಿದ್ದೇವಲ್ಲ ಅಂತ ಆಸ್ಪತ್ರೆಗೆ ಹೋಗುವುದು ಎರಡು ದಿನ ತಡವಾಗುವುದೇ ಇದರ ದೊಡ್ಡ ಅಪಾಯ. ಸಕ್ಕರೆ ನೀರು, ಗ್ಲೂಕೋಸ್ ನೀರು ಹೊಟ್ಟೆ ತುಂಬಿಸುತ್ತವೆ, ಹಳದಿ ಇಳಿಸುವುದಿಲ್ಲ. ಜೇನುತುಪ್ಪ, ಬಜೆ, ಹರಳೆಣ್ಣೆ ಯಾವುದೂ ಬೇಡ. ಕಾಮಣಿಗೆ ಬರೆ ಹಾಕಿಸುವ ಮಾತು ಮನೆಯಲ್ಲಿ ಯಾರಾದರೂ ಎತ್ತಿದರೆ ಅಲ್ಲೇ ನಿಲ್ಲಿಸಿ, ಇಲ್ಲಿ ಮೆತ್ತಗೆ ಹೇಳುವುದು ಬೇಡ.

ಇನ್ನೊಂದು ನನಗೂ ಗೊತ್ತಿರಲಿಲ್ಲ. ಪೆಟ್ಟಿಗೆಯಿಂದ ತೆಗೆದ ಹಳೇ ಕುಲಾವಿ, ದುಪ್ಪಟಿಗಳಲ್ಲಿ ನುಸಿಗುಳಿಗೆಯ ವಾಸನೆ ಇರುತ್ತದಲ್ಲ, ಅದು ಜಿ6ಪಿಡಿ ಅನ್ನುವ ಕಿಣ್ವದ ಕೊರತೆ ಇರುವ ಮಕ್ಕಳಲ್ಲಿ ರಕ್ತಕಣ ಒಡೆಸಿ ಹಳದಿ ಏರಿಸುತ್ತದೆ. ಕೊರತೆ ಇದೆಯೋ ಇಲ್ಲವೋ ಮೊದಲೇ ತಿಳಿಯುವುದಿಲ್ಲ. ಆ ಬಟ್ಟೆಗಳನ್ನು ಮಗುವಿನ ಹತ್ತಿರ ತರಲೇಬೇಡಿ.

ಎರಡು ವಾರ ದಾಟಿದರೂ ಹಳದಿ ಇದ್ದರೆ

ತೂಕ ಏರುತ್ತಿದೆ, ಚುರುಕಾಗಿದೆ, ಆದರೂ ತುಸು ಹಳದಿ. ಇದು ಎದೆಹಾಲಿನ ಕಾಮಾಲೆ ಇರಬಹುದು, ಎರಡು ಮೂರು ತಿಂಗಳವರೆಗೂ ಉಳಿಯಬಹುದು. ಎದೆಹಾಲು ನಿಲ್ಲಿಸುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಆದರೆ ನೀವೇ ಅದು ಇದೇ ಅಂತ ತೀರ್ಮಾನ ಮಾಡಬೇಡಿ. 14 ದಿನ ದಾಟಿದ ಹಳದಿಗೆ ಒಮ್ಮೆ ರಕ್ತಪರೀಕ್ಷೆ ಆಗಲೇಬೇಕು. ಕಕ್ಕ ಬಿಳಿಚಿ, ಉಚ್ಚೆ ಬಟ್ಟೆಗೆ ಕಡು ಹಳದಿ ಕಲೆ ಬಿಟ್ಟರೆ ಪಿತ್ತನಾಳ ಮುಚ್ಚಿರಬಹುದು. ಅದಕ್ಕೆ ಆಪರೇಷನ್ ಇದೆ, 60 ದಿನದೊಳಗೆ ಆದರೆ ಫಲ ಚೆನ್ನಾಗಿರುತ್ತದೆ.

ಹಿಂಡುವುದನ್ನು ಯಾವಾಗ ನಿಲ್ಲಿಸಬೇಕು ಅಂತ ಎಲ್ಲರೂ ಕೇಳುತ್ತಾರೆ. ಮಗು ತಾನಾಗಿ ಎದ್ದು ಅಳಲು ಶುರುಮಾಡಿ, ತೂಕ ಹುಟ್ಟಿದಾಗಿನಷ್ಟಾದ ಮೇಲೆ, ಎರಡು ಮೂರು ದಿನಕ್ಕೊಂದರಂತೆ ಒಂದೊಂದು ಸಲದ ಹಿಂಡುವಿಕೆ ಬಿಡಿ. ಒಮ್ಮೆಲೇ ಬಿಟ್ಟರೆ ಎದೆ ಗಂಟು ಕಟ್ಟುತ್ತದೆ. ಪ್ರತಿ ಸಲ ಬಿಟ್ಟ ಮೇಲೆ ಬಟ್ಟೆಯ ಗೀಟು, ತೂಕ ನೋಡಿ. ಕಡಿಮೆಯಾದರೆ ಬಿಟ್ಟಿದ್ದನ್ನು ವಾಪಸ್ ಸೇರಿಸಿ. ನಾನು ಕೊನೆಯವರೆಗೆ ಉಳಿಸಿಕೊಂಡಿದ್ದು ಬೆಳಗಿನ ಜಾವ ಮೂರರದ್ದು. ಇಪ್ಪತ್ತಾರನೇ ದಿನ ಅದನ್ನೂ ಬಿಟ್ಟೆ. ಆ ಹೊತ್ತಿಗೆ ಮಗಳೇ ಮೂರು ಗಂಟೆಗೆ ಮನೆಯನ್ನೆಲ್ಲ ಎಬ್ಬಿಸುತ್ತಿದ್ದಳು.